ಗುಂಯ್ ಅನ್ನುವ ಗಿರಾಕಿಗಳು

ಬ್ಯಾಂಕಿನಿಂದ ನಿವೃತ್ತನಾದ ಹುಬ್ಬಳ್ಳಿಯವನೊಬ್ಬ ಪಣಜಿಯಲ್ಲೇ ಉಳಿದುಬಿಟ್ಟರೆ ಸಂಜೆ ಮಾಂಡೋವಿ ದಂಡೆಯಲ್ಲಿ ಅಡ್ಡಾಡಬಹುದು, ಕ್ಯಾಸಿನೊ ಹಡಗುಗಳನ್ನು ನೋಡಿ ಬೇರೆಯವರ ದುಡ್ಡಿಗಾಗಿ ಮರುಗಬಹುದು. ಅದು ಬೇಗ ಸಾಕಾಗುತ್ತದೆ. ನಾನು ಗಿಟಾರ್ ರಿಪೇರಿ ಕಲಿಯಲು ಹೊರಟೆ. ಪೋರ್ತುಗೀಸರ ಕಾಲದಲ್ಲಿ ಇಲ್ಲಿನ ಚರ್ಚ್ ಶಾಲೆಗಳು ಅಕ್ಷರದ ಜೊತೆ ಸ್ವರವನ್ನೂ ಕಲಿಸಿದವು. ಮುಂದೆ ಹಿಂದಿ ಸಿನಿಮಾದ ವಾದ್ಯವೃಂದಗಳಲ್ಲಿ ಎಷ್ಟೋ ಕುರ್ಚಿ ಗೋವೆಯವರ ಪಾಲಾದವು. 1977ರ ‘ಅಮರ್ ಅಕ್ಬರ್ ಆಂಟನಿ’ಯ ಹಾಡಿಗೆ ಹೆಸರು ಕೊಟ್ಟ ಆಂಟನಿ ಗೊನ್ಸಾಲ್ವಿಸ್ ಮಜೋರ್ಡಾದ ಪಿಟೀಲುಗಾರರು, ಸಂಗೀತ ನಿರ್ದೇಶಕ ಪ್ಯಾರೇಲಾಲರ ಗುರು. ಇಂಥ ಸೀಮೆಯಲ್ಲಿ ಗಿರಾಕಿಗೆ ಬರವೇ?

“ಅಲ್ರೀ, ನಿಮಗ ಗಿಟಾರ್ ಬಾರಸಾಕ ಬರೂದಿಲ್ಲಲಾ?” ಎಂದಳು ನನ್ನಾಕೆ.

“ಹಲ್ಲಿನ ಡಾಕ್ಟರು ಕಬ್ಬು ಸಿಗಿದು ತೋರಿಸ್ತಾರೇನು?” ಎಂದೆ.

ಪಣಜಿಯದೇ ಮಾಳಾ ಕೇರಿಯ ಮುದಿ ಬಡಗಿಯೊಬ್ಬ ಗುರುವಾಗಿ ಸಿಕ್ಕ. ಉಕ್ಕಿನ ಆರು ತಂತಿ ಬಿಗಿದರೆ ಒಟ್ಟು ಎಳೆತ 70 ಕಿಲೋ ಮೀರುತ್ತದೆ, ಅಂದರೆ ನನ್ನ ತೂಕಕ್ಕಿಂತ ಹೆಚ್ಚು. ಅದಕ್ಕೆ ಕತ್ತು ಬಾಗದಂತೆ ಒಳಗೊಂದು ಸರಳು ಇರುತ್ತದೆ, ಟ್ರಸ್ ರಾಡ್. ಅಲನ್ ಕೀ ಹಾಕಿ ಕಾಲು ಸುತ್ತು ತಿರುವಬೇಕು, ಆಮೇಲೆ ಕಾಯಬೇಕು. ಕಾಯುವುದನ್ನು ನಾನು ಸರ್ಕಾರಿ ಬ್ಯಾಂಕಿನಲ್ಲೇ ಕಲಿತಿದ್ದೆ.

ತಲೆ ಕೆಟ್ಟದ್ದು ಗುಂಯ್ ಶಬ್ದದ ವಿಷಯದಲ್ಲಿ. ನಮ್ಮ ಧಾರವಾಡದ ಕಡೆ ತಂಬೂರಿಯ ತಂತಿ ಹೊರುವ ಕುದುರೆಯನ್ನು ಉಜ್ಜಿ ಉಜ್ಜಿ, ತಂತಿಯಡಿ ದಾರ ಸರಿಸಿ ಸರಿಸಿ, ತಂತಿ ತಾಗಿಯೂ ತಾಗದಂತೆ ಮಾಡಿ ಗುಂಯ್ ಎನ್ನಿಸುತ್ತಾರೆ. ಆ ಕೆಲಸಕ್ಕೆ ಮೀರಜಿನ ಕಸಬುದಾರರನ್ನೇ ಹುಡುಕಿಕೊಂಡು ಹೋಗುವವರಿದ್ದಾರೆ. ಇಲ್ಲಿ ಗಿಟಾರಿನ ತಂತಿ ಕತ್ತಿನ ಲೋಹದ ಪಟ್ಟಿಗೆ, ಅಂದರೆ ಫ್ರೆಟ್ಟಿಗೆ, ತಾಗಿ ಹಾಗೆ ಗುಂಯ್ ಅಂದರೆ ಅದು ರೋಗ. ಘಟ್ಟದ ಮೇಲೆ ದುಡ್ಡು ಕೊಟ್ಟು ಕೂಡಿಸಿಕೊಳ್ಳುವುದನ್ನು ಘಟ್ಟದ ಕೆಳಗೆ ದುಡ್ಡು ಕೊಟ್ಟು ತೆಗೆಸುತ್ತಾರೆ. ಎರಡೂ ಬಲ್ಲವನಿಗೆ ಅನಮೋಡ ಘಾಟಿನ ಎರಡೂ ಕಡೆ ಅನ್ನವಿದೆ ಎಂದು ಬೀಗಿದೆ.

ಅಷ್ಟರಲ್ಲಿ ಮಳೆ ಹಿಡಿಯಿತು. ಗಿಟಾರಿಗೆ ಹಿತವಾದ ತೇವಾಂಶ ಶೇ. 50ರ ಆಸುಪಾಸು, ಜುಲೈಯಲ್ಲಿ ಪಣಜಿಯ ಗಾಳಿ ಶೇ. 80 ದಾಟಿರುತ್ತದೆ. ಮುಂಭಾಗದ ಹಲಗೆ ತೇವ ಕುಡಿದು ಉಬ್ಬುತ್ತದೆ, ಅದರ ಮೇಲಿನ ಕುದುರೆ, ಅಂದರೆ ಬ್ರಿಡ್ಜ್, ಮೇಲೇಳುತ್ತದೆ, ತಂತಿ ಫ್ರೆಟ್ಟಿನಿಂದ ದೂರವಾಗಿ ಒತ್ತಿದವರ ಬೆರಳಿಗೆ ಬೊಕ್ಕೆ. ಗಿಟಾರುಗಳು ಕೊಡೆ ಹಿಡಿದುಕೊಂಡು ನಮ್ಮ ಜಗಲಿಗೆ ಬಂದವು. ತಂತಿ ಇಳಿಸಲೆಂದು ನಾನು ಉಪ್ಪುಕಾಗದ ಹಿಡಿದು, ಬ್ರಿಡ್ಜಿನಲ್ಲಿ ತಂತಿ ಹೊರುವ ಪಟ್ಟಿಯಾದ ಸ್ಯಾಡಲ್ ತೇಯಲು ಕೂತರೆ ಗುರು ಕೈ ಹಿಡಿದ. “ಈಗ ತೇದರೆ ಡಿಸೆಂಬರಿನಲ್ಲಿ ಮರ ಒಣಗಿ ತಂತಿ ಇಳಿದು ಗುಂಯ್ ಅನ್ನುತ್ತೆ, ಪಾತ್ರಾಂವ್. ಮಳೆ ಮುಗಿಯಲಿ ಅಂತ ಹೇಳಿ ಕಳಿಸಿ.”

ಇದೆಂಥ ವ್ಯಾಪಾರ! ಪ್ರಾಮಾಣಿಕನಾದರೆ ಆದಾಯವಿಲ್ಲ. ಆದಾಯ ಬೇಕೆಂದರೆ ಜುಲೈಯಲ್ಲಿ ತೇದು, ಡಿಸೆಂಬರಿನಲ್ಲಿ ಅದೇ ಗಿರಾಕಿಗೆ ಹೊಸ ಸ್ಯಾಡಲ್ ಮಾರಬೇಕು. ಬ್ಯಾಂಕಿನಲ್ಲಿದ್ದಾಗ ಇದನ್ನು ಗ್ರಾಹಕ ಸಂಬಂಧ ಎನ್ನುತ್ತಿದ್ದೆವು.

ನಿಜವಾದ ಕೆಲಸ ಅಂತ ಬಂದದ್ದು, ಹಡಗಿನಲ್ಲಿ ದುಡಿದು ಬಂದ ಹಿರಿಯರೊಬ್ಬರ ಅಮೆರಿಕದ ಮಾರ್ಟಿನ್ ಗಿಟಾರು. ಬ್ರಿಡ್ಜ್ ಕಿತ್ತು ಬಂದಿತ್ತು. ತಿರುಗಿಸಿ ನೋಡಿದರೆ ಬೆನ್ನು ನಮ್ಮ ಬೀಟೆ ಮರದ್ದು! ಬ್ರೆಜಿಲಿನ ಬೀಟೆ ಸಿಗುವುದು ಕಷ್ಟವಾದಾಗ, 1969ರಲ್ಲಿ ಆ ಕಂಪನಿ ಭಾರತದ ಬೀಟೆಗೆ ಹೊರಳಿತ್ತು. ಘಟ್ಟದ ಮರ ಅಮೆರಿಕ ಕಂಡು, ಸಮುದ್ರ ಸುತ್ತಿ, ಅಂಟು ಹಚ್ಚಿಸಿಕೊಳ್ಳಲು ಘಟ್ಟದ ಬುಡಕ್ಕೆ ಬಂದಿತ್ತು. ಹಳೆ ಅಂಟು ಕೆರೆದು, ಹೊಸದು ಸವರಿ, ಕ್ಲಾಂಪ್ ಬಿಗಿದು ರಾತ್ರಿಯಿಡೀ ಮುಟ್ಟದೆ ಇಟ್ಟೆ. ಕೂಲಿಯಾಗಿ ಏಳು ಪದರದ ಗೋವೆಯ ಸಿಹಿ, ಬಿಬಿಂಕಾ, ಬಂತು.

“ಇದನ್ನ ಜಮಾದಾಗ ಹೆಂಗ ಬರೀಲ್ರೀ?” ನನ್ನಾಕೆ ಎರಡನೇ ಪದರ ಬಿಡಿಸುತ್ತ ಕೇಳಿದಳು. “ಏನೂ ಆಗಿಲ್ಲ ಅಂತ ಹೇಳಾಕೂ ಡಾಕ್ಟರು ಫೀ ತೊಗೋತಾರ. ನೀವು ಪುಕ್ಕಟೆ ಯಾಕ ಹೇಳ್ತೀರಿ?”

ಮಾತು ಖರೆ ಅನಿಸಿ ಜಗಲಿಗೆ ಬೋರ್ಡು ತೂಗುಹಾಕಿದೆ: ‘ಗಿಟಾರ್ ನೋಡಿ ಹೇಳಲು ₹100’. ಮರುದಿನ ಬಂದ ನೆರೆಯಾತ ಅದನ್ನು ನಿಧಾನವಾಗಿ ಓದಿ, ಕುರ್ಚಿ ಎಳೆದುಕೊಂಡು ಕೂತ.

“ಹಾಗಾದರೆ ನೋಡಬೇಡಿ, ಬರೀ ಕೇಳಿ” ಎಂದು ಗೋವೆಯ ಹಾಡು ಮಾಂಡೋ ಒಂದನ್ನು ಇಡಿಯಾಗಿ ಬಾರಿಸಿದ. ನನ್ನಾಕೆ ಅವನಿಗೆ ಚಹಾ ತಂದಳು.