ಗಾಡಿ ನಿಲ್ಲಲಿ, ನೀವು ಹೊರಡಿ

ನ್ಯೂಜೆರ್ಸಿಯ ವುಡ್‌ಬ್ರಿಡ್ಜ್‌ನಲ್ಲಿ ಜಾಗಕ್ಕೆ ಬರವಿಲ್ಲ. 1971ರಲ್ಲಿ ಬಾಗಿಲು ತೆರೆದ ಮಾಲ್ ಸುತ್ತ ಡಾಂಬರಿನ ಬಯಲು. ನಡುರಾತ್ರಿ ಅಲ್ಲಿ ನರಪಿಳ್ಳೆಯಿಲ್ಲ. ಒಂದು ಕ್ಯಾಂಪರ್ ವ್ಯಾನ್ ನಿಲ್ಲಿಸಿ, ಪರದೆ ಎಳೆದು, ಕಣ್ಣು ಮುಚ್ಚಿ ನೋಡಿ. ಕಿಟಕಿಯ ಮೇಲೆ ಟಾರ್ಚ್ ಬೀಳುತ್ತದೆ.

ಗಾಡಿಗಳಿಗೆ ಈ ಊರು ಮರ್ಯಾದೆ ಕೊಟ್ಟಿಲ್ಲವೆಂದಲ್ಲ. ಅಮೆರಿಕದ ಮೊದಲ ಕ್ಲೋವರ್‌ಲೀಫ್ ಇಂಟರ್‌ಚೇಂಜ್ ಬಂದದ್ದೇ ಇಲ್ಲಿ, 1929ರಲ್ಲಿ. ನ್ಯೂಜೆರ್ಸಿ ಟರ್ನ್‌ಪೈಕ್ ಹೆದ್ದಾರಿ 12 ಲೇನ್ ಹಾಸಿಕೊಂಡು ಹೋಗುತ್ತದೆ. ಅದನ್ನು ಆಳುವ ಪ್ರಾಧಿಕಾರದ ಕಚೇರಿಯೂ ಇದೇ ಊರಲ್ಲಿದೆ. ಓಡಲು ಇಷ್ಟೆಲ್ಲ ಏರ್ಪಾಡು. ಮಲಗಲು? ಮುಂದೆ ಹೋಗಿ.

ಹೋಗುವುದೂ ಸುಲಭವಲ್ಲ. ನ್ಯೂಜೆರ್ಸಿಯ 2003ರ ಮ್ಯಾಗೀಸ್ ಲಾ ಗೊತ್ತಲ್ಲ? 24 ಗಂಟೆ ನಿದ್ದೆಗೆಟ್ಟು ಗಾಡಿ ಓಡಿಸಿ ಜೀವ ತೆಗೆದರೆ ಜೈಲು. ಒಳ್ಳೆಯ ಕಾನೂನು. ನಿದ್ದೆ ಮಾಡದಿದ್ದರೆ ತಪ್ಪು. ಎಲ್ಲಿ ಮಾಡಿದರೂ ತಪ್ಪು.

ಟರ್ನ್‌ಪೈಕ್ ಬದಿಯ ಸರ್ವಿಸ್ ಏರಿಯಾಕ್ಕೆ ಥಾಮಸ್ ಎಡಿಸನ್ ಹೆಸರು. ನಿದ್ದೆಯೆಂದರೆ ದಂಡ ಎಂದು ಸಾರಿದ ಮಹಾನುಭಾವ! ಟ್ರಕ್‌ಗಳ ಗುಡುಗು, ಬೆಳಗಿನವರೆಗೂ ದೀಪ. ಹೆಸರಿಗೆ ತಕ್ಕ ಜಾಗ.

ಆದರೆ ಇದೇ ಎಡಿಸನ್, ಕಾರಿನ ಫೋರ್ಡ್, ಟೈರಿನ ಫೈರ್‌ಸ್ಟೋನ್ ಜತೆ ಕಾರುಗಳಲ್ಲಿ ಅಡುಗೆಯವರನ್ನೂ ಹೇರಿಕೊಂಡು ಕಂಡಕಂಡಲ್ಲಿ ಡೇರೆ ಹಾಕಿದವರು. 1921ರಲ್ಲಿ ಅಧ್ಯಕ್ಷ ಹಾರ್ಡಿಂಗ್ ಕೂಡ ಆ ಡೇರೆಗೆ ಬಂದರು. ಪತ್ರಿಕೆಗಳು ಫೋಟೋ ಹಾಕಿ ಕೊಂಡಾಡಿದವು. ಸಾಹುಕಾರ ಬಯಲಲ್ಲಿ ಮಲಗಿದರೆ ಸಾಹಸ. ಬಾಡಿಗೆ ಕಟ್ಟಲಾಗದವನು ಮಲಗಿದರೆ ಅಪರಾಧ. 2024ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದಕ್ಕೆ ಮೊಹರನ್ನೂ ಒತ್ತಿತು. ಬೇರೆ ದಿಕ್ಕಿಲ್ಲದೆ ಸಾರ್ವಜನಿಕ ಜಾಗದಲ್ಲಿ ಮಲಗಿದವನಿಗೂ ದಂಡ ಹಾಕಬಹುದಂತೆ.

ಗಾರ್ಡನ್ ಸ್ಟೇಟ್ ಪಾರ್ಕ್‌ವೇ ಹಿಡಿದು ದಕ್ಷಿಣಕ್ಕೆ ಹೋದರೆ ಚೀಸ್‌ಕ್ವೇಕ್ ಸ್ಟೇಟ್ ಪಾರ್ಕ್ ಇದೆ. ಮೊದಲೇ ಕಾಯ್ದಿರಿಸಿ, ದುಡ್ಡು ಕಟ್ಟಿ ಡೇರೆ ಹಾಕಬಹುದು. ಚಳಿಗಾಲದಲ್ಲಿ ಅದಕ್ಕೂ ಬೀಗ. ಚಳಿಗಾಲದಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ, ನೋಡಿ.

ನಮ್ಮ ಕನ್ನಡಿಗರೇನು ಕಡಿಮೆ? ರಜೆ ಬಂದರೆ ಆರ್‌ವಿ ಬಾಡಿಗೆ ಹಿಡಿದು ಯೆಲ್ಲೋಸ್ಟೋನ್‌ಗೆ ದೌಡು. ಫೇಸ್‌ಬುಕ್ ತುಂಬ ಪ್ರಕೃತಿಯ ಮಡಿಲು. ಇದೇ ಊರಿನ ಐಸ್ಲಿನ್‌ನ ಬೀದಿಯಲ್ಲಿ ಹಳೇ ವ್ಯಾನೊಂದು ಎರಡು ರಾತ್ರಿ ನಿಂತರೆ ಮಾತ್ರ ವಾಟ್ಸ್‌ಆ್ಯಪ್ ಗುಂಪಿಗೆ ಮೈಮೇಲೆ ಬರುತ್ತದೆ: ‘ಪೊಲೀಸರಿಗೆ ಹೇಳಿದಿರಾ?’ ಮನೆಯ ಬೆಲೆ ಇಳಿಯುತ್ತದಂತೆ. ರಾಜ್ಯೋತ್ಸವದ ವೇದಿಕೆಯಲ್ಲಿ ಅತಿಥಿ ಸತ್ಕಾರದ ಭಾಷಣ ಹೊಡೆಯುವವರೂ ಇವರೇ.

ಟೌನ್‌ಶಿಪ್ ಸಭೆಯಲ್ಲಿ ಸಾರ್ವಜನಿಕರಿಗೂ ಮೈಕ್ ಸಿಗುತ್ತದೆ. ರಾತ್ರಿ ತಂಗಲು ಹತ್ತು ಗಾಡಿಗಳಿಗೆ ಜಾಗ, ಒಂದು ನಲ್ಲಿ, ಒಂದು ಶೌಚಾಲಯ ಕೇಳಿ. ಬೇಕಿದ್ದರೆ ಶುಲ್ಕ ಹಾಕಲಿ. ದೂರು ಕೊಡಲು ಬಿಡುವಿರುವವರಿಗೆ ಇಷ್ಟು ಕೇಳಲೂ ಬಿಡುವಿರಬೇಕು.