ರೂಟರ್ ಬಳಕೆದಾರರ ಕೈಪಿಡಿ: ಮೂವತ್ತು–ನಲವತ್ತರ ಮನೆಗಳಿಗೆ ಮಾತ್ರ

ಅನ್ವಯ

ಈ ಕೈಪಿಡಿಯು 30×40 ಅಡಿ ಸೈಟಿನಲ್ಲಿ ಕಟ್ಟಿದ, ಕೆಳಗೊಂದು ಮೇಲೊಂದು ಮಹಡಿಯಿರುವ, ಮೂರು ತಲೆಮಾರು ಒಂದೇ ಪಾಸ್‌ವರ್ಡ್ ಹಂಚಿಕೊಂಡು ಬಾಳುವ ಮನೆಗಳಿಗೆ ಅನ್ವಯಿಸುತ್ತದೆ. ಅಪಾರ್ಟ್‌ಮೆಂಟಿನವರು ಚಾನೆಲ್‌ಗಳ ಭಾಗವನ್ನಷ್ಟೇ ಓದಿಕೊಳ್ಳಬಹುದು. ತೊಟ್ಟಿಮನೆಯವರಿಗೆ ಇದರ ಅಗತ್ಯವೇ ಇಲ್ಲ. ತೊಟ್ಟಿಯ ಅಂಚಿನ ಕಂಬಕ್ಕೆ ಕಟ್ಟಿ, ಮಳೆಗಾಲದಲ್ಲಿ ಒಳಗೆ ತಂದುಕೊಂಡರಾಯಿತು.

ಸದರಿ ಉಪಕರಣವನ್ನು ಕೂರಿಸುವ ವ್ಯಕ್ತಿಯನ್ನು ಇನ್ನು ಮುಂದೆ ‘ಸ್ಥಾಪಕರು’ ಎಂದು ಕರೆಯಲಾಗುವುದು. ಸ್ಥಾಪಕರಾಗಲು ಎಂಜಿನಿಯರಿಂಗ್ ಓದಿರಬೇಕೆಂದಿಲ್ಲ. ಹಿಂದೆ ಎಂದಾದರೂ ಅಜ್ಜಿಯ ಮೊಬೈಲಿನಲ್ಲಿ ಅಕ್ಷರ ದಪ್ಪ ಮಾಡಿಕೊಟ್ಟಿದ್ದರೆ ನೇಮಕಾತಿ ಆಗಿಹೋಗಿದೆ ಎಂದೇ ತಿಳಿಯತಕ್ಕದ್ದು. ರಾಜೀನಾಮೆಗೆ ಅವಕಾಶವಿಲ್ಲ. ಮದುವೆಯಾಗಿ ಬೇರೆ ಊರು ಸೇರಿದ ಮೇಲೂ ಫೋನಿನಲ್ಲಿ ಸೇವೆ ಮುಂದುವರಿಸತಕ್ಕದ್ದು.

ಖರೀದಿ

ಹೊಸ ರೂಟರ್ ಕೊಳ್ಳುವ ಮೊದಲು ಹಳೆಯದನ್ನು ಇದ್ದ ಜಾಗದಿಂದ ಸರಿಸಿ ನೋಡತಕ್ಕದ್ದು. ಈ ನಿಯಮವನ್ನು ಯಾರೂ ಪಾಲಿಸುವುದಿಲ್ಲವಾದ್ದರಿಂದ ಖರೀದಿಯ ಸೂಚನೆಗಳನ್ನೂ ಕೊಡಲಾಗಿದೆ.

ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ನಿಂತರೆ ಅಂಗಡಿಯವರು ಮನೆಯ ಅಳತೆ ಕೇಳುವುದಿಲ್ಲ, ಬಜೆಟ್ ಕೇಳುತ್ತಾರೆ. ಬಜೆಟ್ ಏರಿದಂತೆ ಆಂಟೆನಾ ಏರುತ್ತದೆ. “ಇದನ್ನ ತಗೊಳ್ಳಿ ಸಾರ್, ಆರು ಆಂಟೆನಾ, ಮೂರು ಗೋಡೆ ಇದ್ರೂ ಸೀಳ್ಕೊಂಡ್ ಹೋಗುತ್ತೆ.” ಹೋಗುವುದಿಲ್ಲ. ಮನೆಯ ರೂಟರ್ ಗಾಳಿಗೆ ಬಿಡುವ ಶಕ್ತಿ ಸಾಮಾನ್ಯವಾಗಿ ಒಂದು ವ್ಯಾಟ್‌ನ ಹತ್ತನೇ ಒಂದು ಭಾಗದ ಆಸುಪಾಸು. ದೇವರ ಕೋಣೆಯ ಝೀರೋ ಬಲ್ಬು ಅದಕ್ಕಿಂತ ಹೆಚ್ಚು ಕರೆಂಟು ತಿನ್ನುತ್ತದೆ. ಆಂಟೆನಾ ಹೆಚ್ಚಿದ್ದರೆ ಏಕಕಾಲಕ್ಕೆ ಹೆಚ್ಚು ಮಾಹಿತಿ ಸಾಗಿಸಬಹುದು, ಸೊರಗಿ ಬಂದ ಅಲೆಯನ್ನು ತುಸು ಚೆನ್ನಾಗಿ ಹಿಡಿಯಬಹುದು. ಗೋಡೆ ಮಾತ್ರ ಇದ್ದಲ್ಲೇ ಇರುತ್ತದೆ.

ಇನ್ನೊಂದು ಮಾತನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಆಕಾಶವಾಣಿ ತಾನು ಹೇಳುವುದನ್ನು ಹೇಳಿ ಸುಮ್ಮನಾಗುತ್ತದೆ. ವೈಫೈಯಲ್ಲಿ ಎರಡೂ ಕಡೆಯವರು ಮಾತಾಡಬೇಕು. ರೂಟರ್ ಎಷ್ಟೇ ಗಟ್ಟಿಯಾಗಿ ಕೂಗಲಿ, ಫೋನು ಕೊಡುವ ಉತ್ತರ ಅದಕ್ಕೆ ಕೇಳದಿದ್ದರೆ ಕೆಲಸ ಕೆಟ್ಟಂತೆ. ಫೋನಿನ ಆಂಟೆನಾವೋ ಅಂಚಿನಲ್ಲಿ ಎಲ್ಲೋ ಅಡಗಿರುವ ಸಣ್ಣ ಪಟ್ಟಿ, ಅದನ್ನೂ ನಾವು ಅಂಗೈಯಲ್ಲಿ ಮುಚ್ಚಿ ಹಿಡಿದಿರುತ್ತೇವೆ. ಸಿಗ್ನಲ್ ಗೆರೆ ಪೂರ್ತಿ ಇದ್ದೂ “ಹಲೋ, ಕೇಳಿಸ್ತಿದ್ಯಾ?” ಎಂದು ಕಿರುಚಬೇಕಾಗುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಡಬ್ಬದ ಮೇಲೆ ‘ಎಸಿ 1200’ ಎಂದು ದೊಡ್ಡದಾಗಿ ಬರೆದಿದ್ದರೆ ಅದರ ಲೆಕ್ಕ ಹೀಗೆ: 2.4 ಗಿಗಾಹರ್ಟ್ಸ್ ಬ್ಯಾಂಡಿನ 300, 5 ಗಿಗಾಹರ್ಟ್ಸ್ ಬ್ಯಾಂಡಿನ 867, ಎರಡನ್ನೂ ಕೂಡಿ, ಬಂದ ಮೊತ್ತವನ್ನು ಉದಾರವಾಗಿ ಮೇಲಕ್ಕೆ ಎತ್ತಿದ್ದು. ಮನೆಯ ಸಾಮಾನ್ಯ ಫೋನು ಒಂದು ಹೊತ್ತಿಗೆ ಒಂದೇ ಬ್ಯಾಂಡಿನಲ್ಲಿರುತ್ತದೆ, ಆ 300 ಮತ್ತು 867 ಕೂಡ ಪ್ರಯೋಗಾಲಯದ ಅಂಕಿಗಳು. ಇದಕ್ಕಿಂತ ಮುಖ್ಯವಾದದ್ದು ಡಬ್ಬದ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿದೆ. ಅಗ್ಗದ ಎಷ್ಟೋ ರೂಟರುಗಳ ತಂತಿ ಪೋರ್ಟು 100 ಎಂಬಿಪಿಎಸ್‌ಗೆ ನಿಲ್ಲುತ್ತದೆ. ತಿಂಗಳು ತಿಂಗಳು 300ರ ಪ್ಲಾನಿಗೆ ದುಡ್ಡು ಕಟ್ಟಿ, ಅದನ್ನು ಈ ಪೋರ್ಟಿನಲ್ಲಿ ತೂರಿಸಿ, “ಕಂಪನಿಯವರು ಮೋಸ ಮಾಡ್ತಾರೆ” ಎಂದು ಬೈಯುವವರು ನಮ್ಮ ಬೀದಿಯಲ್ಲೇ ಇದ್ದಾರೆ. ‘ಗಿಗಾಬಿಟ್’ ಎಂದು ಬರೆದಿದೆಯೇ ನೋಡಿ. ಬರೆದಿದ್ದರೆ ತನ್ನಿ, ಆಂಟೆನಾ ಎಣಿಸಬೇಡಿ.

ಸ್ಥಳ ನಿರ್ಣಯ

ಫೈಬರ್ ಎಳೆಯಲು ಬಂದ ಹುಡುಗ ಕೇಳುವುದು ಮೂರು: ಕಿಟಕಿ ಎಲ್ಲಿ, ಪ್ಲಗ್ ಪಾಯಿಂಟ್ ಎಲ್ಲಿ, ಮೊಳೆ ಎಲ್ಲಿ. ಮೂರೂ ಕೂಡುವ ಜಾಗ ಸಾಮಾನ್ಯವಾಗಿ ರಸ್ತೆ ಬದಿಯ ಹಾಲಿನಲ್ಲಿ, ಶೋಕೇಸಿನಲ್ಲಿ, ಟಿವಿಯ ಬೆನ್ನಿಗೆ. ಹೀಗಾಗಿ ನಮ್ಮ ಬಡಾವಣೆಗಳಲ್ಲಿ ಅತ್ಯುತ್ತಮ ಸಿಗ್ನಲ್ ಸಿಗುವುದು ಗೇಟಿನ ಮುಂದಿನ ಹೊಂಗೆ ಮರಕ್ಕೆ ಮತ್ತು ಅದರ ನೆರಳಿನಲ್ಲಿ ನಿಲ್ಲಿಸಿದ ಪಕ್ಕದ ಮನೆಯವರ ಕಾರಿಗೆ.

ಉಪಕರಣಕ್ಕೆ ಬೇಕಾದದ್ದು ಮನೆಯ ನಟ್ಟನಡು, ಎದೆಯೆತ್ತರಕ್ಕಿಂತ ಮೇಲೆ, ಸುತ್ತ ಏನೂ ಇಲ್ಲದ ಬಯಲು. ಮನೆಯವರು ಕೊಡಲು ಒಪ್ಪುವುದು ಮೂಲೆ, ನೆಲ, ಇಲ್ಲವೇ ಬಾಗಿಲು ಮುಚ್ಚಿದ ಕಪಾಟು. ಆದ್ದರಿಂದ ಸ್ಥಾಪಕರು ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಸಭೆ ಕರೆಯತಕ್ಕದ್ದು.

ಸಭೆಯಲ್ಲಿ ದೊಡ್ಡಪ್ಪನವರು ಮೊದಲು ಮಾತಾಡುತ್ತಾರೆ. ಕರೆಂಟಿನ ವಸ್ತು ಅಂದರೆ ಅಗ್ನಿ, ಅಗ್ನಿ ಅಂದರೆ ಆಗ್ನೇಯ, ಆದ್ದರಿಂದ ರೂಟರ್ ಅಡುಗೆಮನೆಯಲ್ಲಿರಬೇಕು. ತರ್ಕದಲ್ಲಿ ಲೋಪವಿಲ್ಲ. ಆದರೆ ಇಡೀ ಮನೆಯಲ್ಲಿ ರೂಟರಿಗೆ ಅದಕ್ಕಿಂತ ಕೆಟ್ಟ ಜಾಗ ಸಿಗಲಾರದು. ಲೋಹ ರೇಡಿಯೊ ಅಲೆಯನ್ನು ಹಿಂದಕ್ಕೆ ಅಟ್ಟುತ್ತದೆ. ಅಡುಗೆಮನೆಯಲ್ಲಿ ಸ್ಟೀಲ್ ಡಬ್ಬಗಳು ಗೋಡೆಯುದ್ದಕ್ಕೂ ನಿಂತಿವೆ, ಪಕ್ಕದಲ್ಲಿ ಫ್ರಿಜ್ಜು. ನೀರು ಅಲೆಯನ್ನು ಹೀರುತ್ತದೆ. ಮೂಲೆಯ ಡ್ರಮ್ಮಿನಲ್ಲಿ ವಾರದ ಕಾವೇರಿ ನೀರು ತುಂಬಿಟ್ಟಿದೆ. ಮೈಕ್ರೋವೇವ್ ಓವನ್ ಇದ್ದರಂತೂ ಮುಗಿಯಿತು. ಅದು ಕೆಲಸ ಮಾಡುವುದು 2.45 ಗಿಗಾಹರ್ಟ್ಸ್‌ನಲ್ಲಿ, ಅಂದರೆ ವೈಫೈಯ 2.4ರ ಬ್ಯಾಂಡಿನ ಒಳಗೇ, ನೂರಾರು ವ್ಯಾಟಿನಲ್ಲಿ. ಅದರಿಂದ ಸೋರುವ ಚೂರುಪಾರೇ ರೂಟರಿನ ಮಾತನ್ನು ಮುಳುಗಿಸಲು ಸಾಕು. ನಿನ್ನೆಯ ಸಾರು ಬಿಸಿಯಾಗುವ ಹೊತ್ತಿಗೆ ಮೇಲಿನ ಅತ್ತಿಗೆಯ ಮೀಟಿಂಗ್ ಕಡಿದು ಬೀಳುವುದರ ರಹಸ್ಯ ಇದು.

ಆಗ ಸ್ಥಾಪಕರು ನಡುಮನೆಯನ್ನು ಸೂಚಿಸತಕ್ಕದ್ದು. ದೊಡ್ಡಪ್ಪನವರು ತಲೆ ಅಲ್ಲಾಡಿಸುತ್ತಾರೆ: ಅದು ಬ್ರಹ್ಮಸ್ಥಾನ, ಅಲ್ಲಿ ಭಾರದ ವಸ್ತು ಇಡಬಾರದು, ಖಾಲಿ ಬಿಡಬೇಕು. ವಾಸ್ತುವೂ ರೇಡಿಯೊ ವಿಜ್ಞಾನವೂ ಮನೆಯ ನಡುಭಾಗವೇ ಮುಖ್ಯ ಎಂದು ಒಪ್ಪಿ, ಅಲ್ಲೇ ಜಗಳಕ್ಕೆ ನಿಲ್ಲುತ್ತವೆ. ರಾಜಿಗೆ ದಾರಿಯಿದೆ. ಉಪಕರಣ ಕಾಲು ಕಿಲೋ ತೂಗಿದರೆ ಹೆಚ್ಚು, ನೆಲ ಮುಟ್ಟುವುದಿಲ್ಲ, ಗೋಡೆಗೆ ಮೊಳೆ ಹೊಡೆದು ತೂಗುಹಾಕಲಾಗುವುದು ಎಂದು ವಿನಯದಿಂದ ನಿವೇದಿಸಿಕೊಳ್ಳಿ.

ಅಮ್ಮನ ಪ್ರಸ್ತಾವ ಮಲಗುವ ಕೋಣೆಯ ಬೀರುವಿನ ತಲೆ. ಅಲ್ಲಿ ಧೂಳು ಕಾಣುವುದಿಲ್ಲ. ಬೀರು ಕಬ್ಬಿಣದ್ದು, ಬಾಗಿಲಿಗೆ ಕನ್ನಡಿ, ಕನ್ನಡಿಯ ಬೆನ್ನಿಗೆ ಲೋಹದ ಲೇಪ. ತಿರಸ್ಕರಿಸಿ, ಆದರೆ ಮೆಲ್ಲಗೆ. ಅಜ್ಜಿ ಜಾಗದ ವಿಷಯಕ್ಕೆ ತಲೆ ಹಾಕುವುದಿಲ್ಲ. ಎಲ್ಲ ಮುಗಿದ ಮೇಲೆ ತಾವೇ ಹೆಣೆದ ಕ್ರೋಶಾ ಹೊದಿಕೆಯನ್ನು ತಂದು ರೂಟರಿಗೆ ಹೊದಿಸುತ್ತಾರೆ. “ಪಾಪ, ರಾತ್ರಿಯೆಲ್ಲ ಕಣ್ಣು ಮಿಟುಕಿಸ್ತಿರುತ್ತೆ ಕಣೋ.” ನೂಲಿನ ಬಟ್ಟೆ ಅಲೆಯನ್ನು ತಡೆಯುವುದಿಲ್ಲ, ಶಾಖವನ್ನು ತಡೆಯುತ್ತದೆ, ಬಿಸಿಯೇರಿದ ರೂಟರ್ ತೊದಲುತ್ತದೆ. ಹೊದಿಕೆಯನ್ನು ಟೀಪಾಯಿಗೆ ವರ್ಗಾಯಿಸತಕ್ಕದ್ದು. ಆಯುಧ ಪೂಜೆಯ ದಿನ ಕುಂಕುಮ ಮುಂಬದಿಗೆ ಮಾತ್ರ, ಗಾಳಿಯಾಡುವ ಸೀಳುಗಳಿಗೆ ಬೇಡ.

ಉಳಿದದ್ದು ಮೇಲಿನ ಮಹಡಿ. ಇಟ್ಟಿಗೆ ಗೋಡೆಯನ್ನು ಅಲೆ ಸೊರಗುತ್ತಲಾದರೂ ದಾಟುತ್ತದೆ. ಕಬ್ಬಿಣದ ಸರಳಿನ ಜಾಲರಿ ತುಂಬಿದ ಆರ್‌ಸಿಸಿ ತಾರಸಿ ಬೇರೆಯೇ ಸಮಾಚಾರ. ಮೆಟ್ಟಿಲು ಮನೆಯೊಳಗೇ ಇದ್ದರೆ ತಾರಸಿಗೆ ಅಷ್ಟು ಕಡೆ ತೆರಪಿದೆ ಎಂದರ್ಥ. ನಡುವೆ ತಿರುಗುವ ಜಾಗದ ಗೋಡೆಗೆ ರೂಟರನ್ನು ಹಾಕಿದರೆ ಎರಡೂ ಮಹಡಿ ಬದುಕುತ್ತವೆ. ಆದರೆ ಮೂವತ್ತು–ನಲವತ್ತರ ಮನೆ ಕಟ್ಟಿಸಿದವರು ಮುಂದೆ ಮೇಲಿನದನ್ನು ಬಾಡಿಗೆಗೆ ಕೊಡುವ ಆಸೆಯಿಂದ ಮೆಟ್ಟಿಲನ್ನು ಹೊರಗಿಟ್ಟಿರುತ್ತಾರೆ. ಅಂಥವರು ಮುಂದಿನ ಪುಟಗಳನ್ನು ಗಮನವಿಟ್ಟು ಓದಿ.

ಆಂಟೆನಾ

ದೊಡ್ಡಪ್ಪನವರು ಬಂದು ಆಂಟೆನಾವನ್ನು ತಮ್ಮ ಕೋಣೆಯ ಕಡೆಗೆ ಬಗ್ಗಿಸಿ ಹೋಗುತ್ತಾರೆ. ಇದು ದೂರದರ್ಶನದ ಕಾಲದ ಸಂಸ್ಕಾರ. ಆಗ ತಾರಸಿಯ ಮೇಲಿದ್ದದ್ದು 1926ರ ಸುಮಾರಿಗೆ ಜಪಾನಿನ ಉದಾ ಮತ್ತು ಯಾಗಿ ರೂಪಿಸಿದ ಬಗೆಯ ಆಂಟೆನಾ. ಅದು ಮುಖ ಮಾಡಿದ ದಿಕ್ಕಿನಿಂದಲೇ ಚೆನ್ನಾಗಿ ಹಿಡಿಯುತ್ತಿತ್ತು, ತಿರುಗಿಸಿದ್ದಕ್ಕೆ ಫಲವಿತ್ತು. ರೂಟರಿನ ಕಡ್ಡಿಯ ಸ್ವಭಾವ ಇದಕ್ಕೆ ತದ್ವಿರುದ್ಧ. ಅದರ ಅಲೆ ಹರಡುವುದು ಉದ್ದಿನ ವಡೆಯ ಆಕಾರದಲ್ಲಿ. ಕಡ್ಡಿ ವಡೆಯ ತೂತಿನಲ್ಲಿ ನಿಂತಿದೆ ಎಂದುಕೊಳ್ಳಿ. ಹಿಟ್ಟಿರುವುದು ಸುತ್ತಲೂ, ಕಡ್ಡಿಯ ತುದಿ ನೋಡುವ ಕಡೆ ತೂತು. ಆಂಟೆನಾವನ್ನು ತಮ್ಮತ್ತ ಗುರಿಯಿಟ್ಟು ಬಗ್ಗಿಸಿಕೊಂಡವರಿಗೆ ಸಿಗುವುದು ತೂತು.

ಆದ್ದರಿಂದ ಅದೇ ಮಹಡಿಗೆ ಕಡ್ಡಿ ನೆಟ್ಟಗೆ ನಿಲ್ಲಬೇಕು. ಮೇಲಿನ ಮಹಡಿಗೂ ಬೇಕೆಂದರೆ ಒಂದನ್ನು ಅಡ್ಡ ಮಲಗಿಸಿ. ದೊಡ್ಡಪ್ಪನವರಿಗೆ ವಡೆ ತೋರಿಸಿಯೇ ವಿವರಿಸುವುದು ಒಳ್ಳೆಯದು.

ಚಾನೆಲ್

2.4ರ ಬ್ಯಾಂಡಿನಲ್ಲಿ ನಮ್ಮ ದೇಶದಲ್ಲಿ 13 ಚಾನೆಲ್‌ಗಳಿವೆ. ಒಂದಕ್ಕೂ ಇನ್ನೊಂದಕ್ಕೂ ಇರುವ ಅಂತರ 5 ಮೆಗಾಹರ್ಟ್ಸ್, ಒಂದು ರೂಟರ್ ಆಕ್ರಮಿಸುವ ಅಗಲ 20. ಹಾಗಾಗಿ ಒಂದರ ಮೈಮೇಲೆ ಒಂದು ಬೀಳದೆ ನಿಲ್ಲಲು ಸಾಮಾನ್ಯವಾಗಿ ಆರಿಸಿಕೊಳ್ಳುವುದು 1, 6, 11. ಪಟ್ಟಿ ನೋಡಿ “3 ಖಾಲಿ ಇದೆ” ಎಂದು ಹಿಗ್ಗುವ ಸ್ಥಾಪಕರು ಗಮನಿಸಿ: 3ರಲ್ಲಿ ಕೂತರೆ 1ರವರಿಗೂ 6ರವರಿಗೂ ಅಡ್ಡ. ಒಂದೇ ಚಾನೆಲ್ಲಿನಲ್ಲಿರುವ ರೂಟರುಗಳಲ್ಲಿ ಒಂದರ ಮಾತು ಮುಗಿಯುವತನಕ ಇನ್ನೊಂದು ಕಾಯುತ್ತದೆ. ಅರ್ಧಂಬರ್ಧ ಮೈಮೇಲೆ ಬಿದ್ದವು ಒಂದಕ್ಕೊಂದು ಬರೀ ಗದ್ದಲ.

5 ಗಿಗಾಹರ್ಟ್ಸ್‌ನಲ್ಲಿ ಜಾಗ ಧಾರಾಳ. 2018ರಲ್ಲಿ ಸರ್ಕಾರ ಅಲ್ಲಿ ಇನ್ನಷ್ಟು ಭಾಗವನ್ನು ಪರವಾನಗಿಯಿಲ್ಲದೆ ಬಳಸಲು ಬಿಟ್ಟುಕೊಟ್ಟಿತು. ವೇಗ ಹೆಚ್ಚು, ಅಲೆ ಗಿಡ್ಡ. 2.4ರ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಇದರದು ಅದರ ಅರ್ಧ, ಗೋಡೆಯ ಮುಂದೆ ಬೇಗ ಸೋಲುತ್ತದೆ. ಎರಡಕ್ಕೂ ಬೇರೆ ಬೇರೆ ಹೆಸರಿಡಿ. ಹೆಸರಿನ ಕೊನೆಗೆ ‘5ಜಿ’ ಎಂದು ಮಾತ್ರ ಸೇರಿಸಬೇಡಿ; ಮೊಬೈಲಿನ 5ಜಿಯೇ ಮನೆಗೆ ಬಂತೆಂದು ನೆಂಟರಿಗೆಲ್ಲ ಸುದ್ದಿ ಹೋಗುತ್ತದೆ.

ಪ್ರಸಂಗವಶಾತ್ ಒಂದು ಮಾತು. ಕೋಣೆಯೊಳಗೆ ಅಲೆಗಳು ಗೋಡೆಗೆ, ಬೀರುವಿಗೆ ಬಡಿದು ಮರಳಿ ತಮ್ಮದೇ ಪ್ರತಿಧ್ವನಿಯಲ್ಲಿ ಕಲಸಿಹೋಗುವ ತೊಂದರೆಗೆ ಮದ್ದು ಹುಡುಕಿದವರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ಜಾನ್ ಓಸಲಿವನ್ ಮತ್ತು ಸಂಗಡಿಗರು ಪ್ರಮುಖರು. ಅವರ ಅಮೆರಿಕದ ಪೇಟೆಂಟ್ 1996ರದು. ಓಸಲಿವನ್ ಅದಕ್ಕೂ ಹಿಂದೆ ಸಿಡಿಯುವ ಪುಟ್ಟ ಕಪ್ಪುಕುಳಿಗಳಿಂದ ರೇಡಿಯೊ ಅಲೆ ಬರುತ್ತದೆಯೇ ಎಂದು ಹುಡುಕುತ್ತಿದ್ದವರು. ಕಪ್ಪುಕುಳಿ ಸಿಗಲಿಲ್ಲ. ಆ ಹುಡುಕಾಟದಲ್ಲಿ ಪಳಗಿದ ಗಣಿತ ಕೆಲಸಕ್ಕೆ ಬಂತು. ನಮ್ಮ ಬೀರುವನ್ನು ಸುಧಾರಿಸಿಕೊಳ್ಳಲು ಖಗೋಳವಿಜ್ಞಾನಿಯೇ ಬೇಕಾಯಿತು ಎಂಬುದನ್ನು ಅಮ್ಮನಿಗೆ ತಿಳಿಸಬಹುದು.

ಅಳತೆ ಮತ್ತು ಮಹಡಿಯ ಪ್ರಶ್ನೆ

ಗೆರೆಗಳನ್ನು ನಂಬಬೇಡಿ. ಸಿಗ್ನಲನ್ನು ಡಿಬಿಎಂನಲ್ಲಿ ತೋರಿಸುವ ಆ್ಯಪ್ ಹಾಕಿಕೊಂಡು ಕೋಣೆಯಿಂದ ಕೋಣೆಗೆ ನಡೆಯಿರಿ. ಅಂಕಿ ಋಣಾತ್ಮಕ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 50 ಸುಖ, ಮೈನಸ್ 67ರವರೆಗೆ ವಿಡಿಯೊ ಕರೆ ನಡೆದೀತು, ಮೈನಸ್ 80ಕ್ಕೆ ಜಗಳ ಆರಂಭ. ಹತ್ತು ಇಳಿದರೆ ಶಕ್ತಿ ಹತ್ತನೇ ಒಂದಾಯಿತು ಎಂದರ್ಥ. ಹಾಲಿನ 50ಕ್ಕೂ ಅತ್ತಿಗೆಯ ಕೋಣೆಯ 80ಕ್ಕೂ ಸಾವಿರ ಪಟ್ಟು ವ್ಯತ್ಯಾಸ.

ಇಲ್ಲಿ ಅನೇಕರು ರಿಪೀಟರ್ ತಂದು, ಸಿಗ್ನಲ್ ಇಲ್ಲದ ಕೋಣೆಯಲ್ಲೇ ಸಿಕ್ಕಿಸುತ್ತಾರೆ. ತನಗೇ ಕೇಳಿಸದ್ದನ್ನು ಅದು ಯಾರಿಗೆ ತಾನೇ ಹೇಳೀತು? ಇಡಬೇಕಾದದ್ದು ಸಿಗ್ನಲ್ ಇನ್ನೂ ಜೀವಂತವಿರುವ ಅರ್ಧ ದಾರಿಯಲ್ಲಿ. ಅಲ್ಲಿಟ್ಟರೂ, ಒಂದೇ ಬ್ಯಾಂಡಿನಲ್ಲಿ ಕೇಳಿ ಅದೇ ಬ್ಯಾಂಡಿನಲ್ಲಿ ಮತ್ತೆ ಹೇಳುವ ಅಗ್ಗದ ರಿಪೀಟರ್ ವೇಗವನ್ನು ಸುಮಾರು ಅರ್ಧಕ್ಕಿಳಿಸುತ್ತದೆ. ಮೆಶ್ ಎಂದು ದುಬಾರಿಗೆ ಸಿಗುವುದು ಇದನ್ನೇ ಹೆಚ್ಚು ಜಾಣತನದಿಂದ ಮಾಡುತ್ತದೆ. ತಾರಸಿ ಮಾತ್ರ ಅದಕ್ಕೂ ತಾರಸಿಯೇ.

ನಮ್ಮ ಶಿಫಾರಸು ಒಂದು ಕ್ಯಾಟ್ 6 ಲ್ಯಾನ್ ಕೇಬಲ್. ನೂರು ಮೀಟರಿನವರೆಗೆ ಗಿಗಾಬಿಟ್ ವೇಗ ಹೊತ್ತೊಯ್ಯುತ್ತದೆ. ಮೂವತ್ತು–ನಲವತ್ತರ ಮನೆಯನ್ನು ಅದರಲ್ಲಿ ಸುತ್ತು ಹಾಕಬಹುದು. ಕಿಟಕಿಯಿಂದ ಕಿಟಕಿಗೆ ಎಳೆದು, ಮೇಲ್ಗಡೆ ಹಳೆಯ ರೂಟರನ್ನೇ ಆ್ಯಕ್ಸೆಸ್ ಪಾಯಿಂಟ್ ಮಾಡಿ ಕೂರಿಸಿ. ಗೋಡೆಯ ಅಂದ ಕೆಡುತ್ತದೆ ಎಂಬ ಆಕ್ಷೇಪ ಬಂದೇ ಬರುತ್ತದೆ. ತಿಂಗಳ ಸಂಬಳ ಅದೇ ತಂತಿಯಲ್ಲಿ ಬರುವುದೆಂದು ಅತ್ತಿಗೆಯಿಂದಲೇ ಹೇಳಿಸತಕ್ಕದ್ದು.

ಸಿಡಿಲು ಮತ್ತು ವಾರಂಟಿ

ಭರಣಿ ಮಳೆಯ ಮೊದಲ ಗುಡುಗಿಗೆ ಅಮ್ಮ ಓಡಿಬಂದು ರೂಟರಿಗೆ ಬಂದ ತಂತಿಯನ್ನು ಕಿತ್ತುಬಿಡುತ್ತಾರೆ. ಟೆಲಿಫೋನ್ ತಂತಿಯಲ್ಲಿ ಇಂಟರ್ನೆಟ್ ಬರುತ್ತಿದ್ದ ಕಾಲಕ್ಕೆ ಅದು ಸರಿಯಾದ ಬುದ್ಧಿ. ತಾಮ್ರ ಸಿಡಿಲನ್ನು ನೇರ ಮನೆಗೆ ತರುತ್ತಿತ್ತು. ಫೈಬರ್ ಗಾಜು, ವಿದ್ಯುತ್ ಹರಿಸುವುದಿಲ್ಲ. ಕೀಳಬೇಕಾದದ್ದು ಗೋಡೆಯ ಅಡಾಪ್ಟರನ್ನು, ಜೊತೆಗೆ ಹೊರಗಿಂದ ಎಳೆದ ಲ್ಯಾನ್ ಕೇಬಲನ್ನು. ಫೈಬರಿನಲ್ಲಿ ಬೆಳಕು ಹರಿಯುವ ತಿರುಳಿನ ಅಡ್ಡಳತೆ ಸುಮಾರು 9 ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ಸಣ್ಣದು. ಕಿತ್ತು ಮತ್ತೆ ಸಿಕ್ಕಿಸುವಾಗ ಕೂತ ಒಂದು ಕಣ ಧೂಳು ಬೆಳಕನ್ನು ಮಂಕು ಮಾಡಬಲ್ಲದು. ಮೊಳೆಗೆ ಬಿಗಿಯಾಗಿ ಸುತ್ತಿದರೂ ಬೆಳಕು ಬಾಗಿದಲ್ಲಿ ಸೋರುತ್ತದೆ.

‘ಎಲ್‌ಒಎಸ್’ ಎಂಬ ಕೆಂಪು ದೀಪ ಹತ್ತಿದರೆ ಬೆಳಕು ನಿಮ್ಮ ಡಬ್ಬದವರೆಗೆ ಬರುತ್ತಲೇ ಇಲ್ಲ ಎಂದು ತಿಳಿಯಿರಿ. ಆಫ್ ಮಾಡಿ ಆನ್ ಮಾಡುವುದರಿಂದ ಪ್ರಯೋಜನವಿಲ್ಲ. ಗ್ರಾಹಕ ಸೇವೆಯವರು ಅದನ್ನೇ ಮಾಡಲು ಹೇಳುತ್ತಾರೆ. ಮಾಡಿದೆ ಎಂದು ಹೇಳಿ, ದೀಪದ ಬಣ್ಣ ಹೇಳಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ಅಳಿಲು ಕಡಿದದ್ದು, ಜೆಸಿಬಿ ಅಗೆದದ್ದು, ಕೋತಿ ಜೋತುಬಿದ್ದದ್ದು ವಾರಂಟಿಗೆ ಒಳಪಡುವುದಿಲ್ಲ. ಲೈನ್ ಸರಿಯಾಗುವವರೆಗೆ ಅತ್ತಿಗೆಗೆ ತಮ್ಮ ಮೊಬೈಲಿನ ಹಾಟ್‌ಸ್ಪಾಟ್ ಒದಗಿಸುವುದು ಸ್ಥಾಪಕರ ಹೊಣೆ. ಅದರ ಡೇಟಾ ಖರ್ಚೂ ವಾರಂಟಿಗೆ ಒಳಪಡುವುದಿಲ್ಲ.