ನಿಮ್ಮ ಹುಡುಗ ಎಷ್ಟು ಪರ್ಸೆಂಟು?

ಭಾನುವಾರ ಬೆಳಿಗ್ಗೆ ನಮ್ಮ ಜಗುಲಿಗೆ ಬರುವವರ ಕೈಯಲ್ಲಿ ಸೀರೆ ಅಂಗಡಿಯ ಕವರ್ ಇರುತ್ತದೆ. ಅದರಲ್ಲಿ ಸೀರೆ ಇದ್ದದ್ದು ಯಾವ ಕಾಲದಲ್ಲೋ. ಈಗ ಇರುವುದು ಆಧಾರ್, ರೇಷನ್ ಕಾರ್ಡು, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ಕು, ಮಗುವಿನ ಡಾಕ್ಟರ್ ಸರ್ಟಿಫಿಕೇಟು. ಅದು ಹರಿದೀತೆಂದು ಲ್ಯಾಮಿನೇಷನ್ ಮಾಡಿಸಿದ್ದು ಒಂದು, ಲ್ಯಾಮಿನೇಷನ್ ಮಾಡಿಸಿದ್ದು ನಡೆಯೋಲ್ಲ ಎಂದದ್ದಕ್ಕೆ ಓಡಾಡಿ ತಂದದ್ದು ಇನ್ನೊಂದು.

ಅಂಗವಿಕಲ ಮಕ್ಕಳಿರುವ ಮನೆಯವರಿಗೆ ಸರ್ಕಾರ ಈ ಸಲ ಏನು ಬದಲಾಯಿಸಿತು ಎಂದು ಬಿಡಿಸಿ ಹೇಳುವುದು ನನ್ನ ಕೆಲಸ. ಸಂಬಳವಿಲ್ಲ, ಕಾಫಿ ಖರ್ಚು ನನ್ನದೇ. ನನಗಿರುವ ಅರ್ಹತೆ ಒಂದೇ: ಅಕ್ಕನ ಮಗನಿಗೆ ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ, ಹದಿನೆಂಟು ವರ್ಷದಿಂದ ಆ ಮನೆಯ ಕವರ್ ಹೊತ್ತವನು ನಾನು.

ಬಂದವರನ್ನು ಮೊದಲು ಕೇಳುವುದು, "ನಿಮ್ಮ ಹುಡುಗ ಎಷ್ಟು ಪರ್ಸೆಂಟು?" ಬೇರೆ ಮನೆಗಳಲ್ಲಿ ಈ ಪ್ರಶ್ನೆ ಎಸ್ಸೆಸ್ಸೆಲ್ಸಿ ರಿಸಲ್ಟಿನ ದಿನ ಬರುತ್ತದೆ, ನಮ್ಮಲ್ಲಿ ಹನ್ನೆರಡೂ ತಿಂಗಳು. ಅಂಗವೈಕಲ್ಯ ನಲವತ್ತು ಬಂದರೆ ಪಾಸು. ಎಪ್ಪತ್ತೈದು ದಾಟಿದರೆ ಬೆಂಗಳೂರು ಮೆಚ್ಚಿ ತಿಂಗಳಿಗೆ 800ರ ಬದಲು 1,400 ರೂಪಾಯಿ ಪಿಂಚಣಿ ಕೊಡುತ್ತದೆ. ಆದರೆ ದೆಹಲಿಗೆ ಅಷ್ಟಕ್ಕೆಲ್ಲ ಸಮಾಧಾನವಿಲ್ಲ, ಅಲ್ಲಿನ ಪಿಂಚಣಿಗೆ ಕಟ್ ಆಫ್ ಎಂಬತ್ತು. ನಮ್ಮ ಹುಡುಗನಿಗೆ ಹಿಂದೆ ಬಂದಿದ್ದದ್ದು ಎಪ್ಪತ್ತೆಂಟು. ಎರಡು ಮಾರ್ಕ್ಸಿಗೆ ಸೀಟು ತಪ್ಪಿದ ಹುಡುಗನ ತಂದೆಯಂತೆ ಭಾವ ಆವತ್ತು ಊಟ ಬಿಟ್ಟಿದ್ದರು.

ಎರಡನೆಯ ಪಾಠ ಹೆಸರಿನದು. ನಾನು ಚಿಕ್ಕವನಿದ್ದಾಗ ಕುಂಟ, ಕುರುಡ ಎಂದು ಎದುರಿಗೇ ಕರೆಯುತ್ತಿದ್ದರು. ಆಮೇಲೆ ಅಂಗವಿಕಲ ಆಯಿತು. ಅದು ಚೆನ್ನಾಗಿಲ್ಲವೆಂದು ವಿಕಲಚೇತನ, ಅದೂ ಸಾಲದೆಂದು ವಿಶೇಷಚೇತನ. 2015ರ ಡಿಸೆಂಬರಿನಲ್ಲಿ ಪ್ರಧಾನಿಯವರು ರೇಡಿಯೊದಲ್ಲಿ ದಿವ್ಯಾಂಗ ಎಂದರು, ಮಾರನೆಯ ದಿನದಿಂದ ನಮ್ಮ ಹುಡುಗನ ಅಂಗಾಂಗವೆಲ್ಲ ದಿವ್ಯವಾಯಿತು. ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿಗೆ ಕೇಂದ್ರ ಕೊಡುವ ಪಾಲು ಮಾತ್ರ 2012ರಲ್ಲಿ 300 ರೂಪಾಯಿಗೆ ಏರಿದ್ದು, ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿದೆ. ದಿವ್ಯತೆಗೆ ದಿನಕ್ಕೆ ಹತ್ತು ರೂಪಾಯಿ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ತತ್ವಾರ. ಇವೆಲ್ಲ ನಡೆಯುವ ತಾಲ್ಲೂಕು ಕಟ್ಟಡವೂ ಸುಮ್ಮನಿಲ್ಲ. ಮಿನಿ ವಿಧಾನಸೌಧ ಆಗಿದ್ದದ್ದು ಆಡಳಿತ ಸೌಧವಾಯಿತು, ಈಗ ಪ್ರಜಾಸೌಧವಂತೆ. ಬೋರ್ಡು ಬರೆಯುವವನ ಹೊಟ್ಟೆ ತಣ್ಣಗಿರಲಿ.

ಲೆಕ್ಕದ ಪಾಠ ಸ್ವಲ್ಪ ಕಷ್ಟ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಏಳಿದ್ದ ಅಂಗವೈಕಲ್ಯಗಳನ್ನು ಇಪ್ಪತ್ತೊಂದು ಮಾಡಿತು. ಅದರ 24ನೇ ಸೆಕ್ಷನ್ನಿನಲ್ಲಿ ಒಂದು ಮುತ್ತಿನಂಥ ಮಾತಿದೆ: ಬೇರೆಯವರಿಗೆ ಇಂಥದೇ ಯೋಜನೆಯಲ್ಲಿ ಎಷ್ಟು ಕೊಡುತ್ತೀರೋ, ಇವರಿಗೆ ಅದಕ್ಕಿಂತ ಕನಿಷ್ಠ ಶೇ. 25 ಹೆಚ್ಚು ಕೊಡಬೇಕು. 2021ರಲ್ಲಿ ನಮ್ಮ ರಾಜ್ಯ ಒಂದೇ ಉಸಿರಿಗೆ ಪಿಂಚಣಿಗಳನ್ನು ಏರಿಸಿತು. ಹಿರಿಯರ ಸಂಧ್ಯಾ ಸುರಕ್ಷಾ 1,000ದಿಂದ 1,200 ಆಯಿತು. ನಲವತ್ತರಿಂದ ಎಪ್ಪತ್ತೈದು ಪರ್ಸೆಂಟಿನವರಿಗೆ 600 ಇದ್ದದ್ದು 800 ಆಯಿತು. ಏಳನೇ ಕ್ಲಾಸಿನ ಹುಡುಗನನ್ನು ಕೇಳಿದರೂ 1,200ಕ್ಕೆ ಕಾಲುಭಾಗ ಕೂಡಿಸಿ 1,500 ಎಂದಾನು. ಸರ್ಕಾರದ ಲೆಕ್ಕದ ಮೇಷ್ಟ್ರಿಗೆ 800 ಬಂತು. ಆ ಸೆಕ್ಷನ್ನಿಗೂ ಒಂದು ಸರ್ಟಿಫಿಕೇಟು ಮಾಡಿಸಬೇಕೆಂದು ಎಷ್ಟೋ ಸಲ ಅನ್ನಿಸಿದೆ. ಹುಟ್ಟಿದಾಗಿನಿಂದ ಎದ್ದು ನಡೆದದ್ದನ್ನು ಯಾರೂ ಕಂಡಿಲ್ಲ.

2024ರ ಅಕ್ಟೋಬರಿನಲ್ಲಿ ಆ ಕಾಯ್ದೆಯ ನಿಯಮ ತಿದ್ದಿ ಅಂಗವಿಕಲರ ಗುರುತಿನ ಚೀಟಿಗೆ ಬಣ್ಣ ಬಳಿದರು. ನಲವತ್ತರ ಕೆಳಗೆ ಬಿಳಿ, ಎಂಬತ್ತರೊಳಗೆ ಹಳದಿ, ಅದರ ಮೇಲೆ ನೀಲಿ. ಹಸಿರು ಮಾತ್ರ ಇಲ್ಲ, ಸಿಗ್ನಲ್ಲಿನಲ್ಲಿ ನಿಂತವರು ನಿಂತೇ ಇರಬೇಕು. ಮೊದಲು ಒಂದು ತಿಂಗಳಲ್ಲಿ ಸರ್ಟಿಫಿಕೇಟು ಕೊಡಬೇಕಿತ್ತು, ಯಾರೂ ಕೊಡುತ್ತಿರಲಿಲ್ಲ. ಅದೇ ತಿದ್ದುಪಡಿಯಲ್ಲಿ ಗಡುವು ಮೂರು ತಿಂಗಳಾಯಿತು. ವಿಳಂಬವನ್ನು ಕಡಿಮೆ ಮಾಡಲು ಇದಕ್ಕಿಂತ ಅಗ್ಗದ ದಾರಿ ಇನ್ನೊಂದಿಲ್ಲ.

ಹೆಬ್ಬೆರಳಿನ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಆಧಾರಿಗಾಗಿ ಮಗುವಿಗೆ ಐದು ತುಂಬಿದಾಗ ಒಮ್ಮೆ, ಹದಿನೈದಕ್ಕೆ ಮತ್ತೊಮ್ಮೆ ಬೆರಳೊತ್ತಬೇಕು. ನಮ್ಮ ಹುಡುಗನ ಬಲಗೈ ಮುಷ್ಟಿ ಕಟ್ಟಿದರೆ ಅವನ ಅಪ್ಪಣೆಯನ್ನೂ ಕೇಳುವುದಿಲ್ಲ, ಬಿಡಿಸಲು ಹೋದಷ್ಟೂ ಬಿಗಿಯಾಗುತ್ತದೆ. ನಾವು ಮೂವರು ಸೇರಿ ಒಂದೊಂದೇ ಬೆರಳು ಬಿಡಿಸುತ್ತಿದ್ದರೆ ಯಂತ್ರದ ಹಿಂದಿದ್ದ ಹುಡುಗ ತಲೆಯೆತ್ತದೆ, "ರಿಲ್ಯಾಕ್ಸ್ ಆಗೋಕ್ ಹೇಳಿ ಸಾರ್" ಎಂದ. ಅವನು ರಿಲ್ಯಾಕ್ಸ್ ಆಗುವಂತಿದ್ದರೆ ನಾವು ಈ ಸಾಲಿನಲ್ಲೇ ಇರುತ್ತಿರಲಿಲ್ಲಪ್ಪ ಎನ್ನಬೇಕೆಂದುಕೊಂಡೆ. ಅಷ್ಟರಲ್ಲಿ ಸರ್ವರ್ ಡೌನ್ ಆಯಿತು.

ಈಗ ಅವನಿಗೆ ಹದಿನೆಂಟು. ಹಳೆಯ ಸರ್ಟಿಫಿಕೇಟಿನ ಅವಧಿ ಮುಗಿದಿತ್ತು, ಮತ್ತೆ ಮೆಡಿಕಲ್ ಬೋರ್ಡಿನ ಮುಂದೆ ಹಾಜರಾಗಬೇಕು. ಹಿಂದಿನ ರಾತ್ರಿ ಅಕ್ಕನ ಮನೆಯಲ್ಲಿ ಪರೀಕ್ಷೆಯ ತಯಾರಿ ನಡೆಯಿತು. ಹತ್ತು ವರ್ಷ ಬಸ್ಸಿನಲ್ಲಿ ಹೊತ್ತು ತಿರುಗಿ ಫಿಸಿಯೋಥೆರಪಿ ಮಾಡಿಸಿ, ಚಮಚಕ್ಕೆ ಬಟ್ಟೆ ಸುತ್ತಿ ದಪ್ಪ ಮಾಡಿ, ಅನ್ನ ನೆಲಕ್ಕೆಲ್ಲ ಚೆಲ್ಲಿದರೂ ಬೈಯದೆ ಅವನ ಕೈಗೆ ಹಿಡಿತ ಕಲಿಸಿದ್ದವಳು ಅವಳು. ಅವಳೇ ಈಗ ಅವನ ಗಲ್ಲ ಹಿಡಿದು ಹೇಳುತ್ತಿದ್ದಳು, "ನಾಳೆ ಒಂದಿನ ಏನೂ ಹಿಡ್ಕೋಬೇಡ ಕಂದ. ಅವ್ರು ಏನ್ ಕೊಟ್ರೂ ಬಿಟ್‌ಬಿಡು." ಅವನು ನಕ್ಕ. ಅವನಿಗೆ ಎಲ್ಲ ಅರ್ಥವಾಗುತ್ತದೆ, ಅದೇ ತೊಂದರೆ.

ಡಾಕ್ಟರು ಒಳ್ಳೆಯವರು. ಗದರಲಿಲ್ಲ, "ಏನಪ್ಪ ಹೀರೋ" ಎಂದರು. ಅಷ್ಟು ಸಾಕಾಯಿತು. ಹೊಸಬರ ಮುಂದೆ ಪ್ರತಿಭೆ ತೋರಿಸದಿದ್ದರೆ ಅವನಿಗೆ ತಿಂದದ್ದು ಕರಗುವುದಿಲ್ಲ. ಅವನ ಎಡಗೈ ಮೆಲ್ಲಗೆ ಮೇಜಿನ ಮೇಲೆ ಹರಿಯಿತು. ಅಕ್ಕ ಕೆಮ್ಮಿದಳು. ನಾನು ಅವನ ಕಾಲು ತುಳಿದೆ. ಡಾಕ್ಟರ ಪೆನ್ನು ಅವನ ಬೆರಳ ನಡುವೆ ಬಂದು ನಿಂತಿತು. ಕೇಸ್ ಶೀಟಿನ ಮೂಲೆಯಲ್ಲಿ ಒಂದು ಅ ಬರೆದ. ಸೊಟ್ಟಗಿತ್ತು, ಆದರೂ ಅದು ಅ ಅಲ್ಲ ಎನ್ನಲು ಯಾವ ಬೋರ್ಡಿಗೂ ಸಾಧ್ಯವಿರಲಿಲ್ಲ.

"ಅರೆ ವಾಹ್! ತುಂಬ ಇಂಪ್ರೂವ್ ಆಗಿದಾನಲ್ಲಮ್ಮ!" ಎಂದು ಡಾಕ್ಟರು ಮನಸಾರೆ ಹೊಗಳಿದರು. ಹೊಗಳಿ, ಎಪ್ಪತ್ತೆರಡು ಎಂದು ಬರೆದರು.

ತಿಂಗಳಿಗೆ 1,400 ಬರುತ್ತಿದ್ದದ್ದು ಇನ್ನು 800. ಒಂದು ಅಕ್ಷರಕ್ಕೆ 600 ರೂಪಾಯಿ ದಂಡ. ನಲವತ್ತೊಂಬತ್ತು ಅಕ್ಷರ ಕಲಿತರೆ ಗತಿಯೇನು ಎಂದು ನಾನು ಕಾರಿಡಾರಿನಲ್ಲಿ ಲೆಕ್ಕ ಹಾಕುತ್ತಿದ್ದೆ. ಅಕ್ಕ ಏನೂ ಮಾತಾಡಲಿಲ್ಲ. ಸರ್ಟಿಫಿಕೇಟನ್ನು ಮಡಿಸಿ ಸೀರೆ ಕವರಿಗೆ ಸೇರಿಸಿದಳು. ಬಸ್ ಸ್ಟ್ಯಾಂಡಿಗೆ ಬಂದಮೇಲೆ ಅಂಗಡಿಯ ಮುಂದೆ ವೀಲ್‌ಚೇರು ನಿಲ್ಲಿಸಿ, ಸೆರಗಿನ ಗಂಟು ಬಿಚ್ಚಿ, ಹತ್ತು ರೂಪಾಯಿಯ ಒಂದು ಪೆನ್ನು ಕೊಂಡು ಅವನ ಎಡಗೈಗೆ ಇಟ್ಟಳು.